ಗೊಂಬೆಯನ್ನು ನೋಡಿ ಮಾತಾಡಿದವರಿಗೆ

ಕಳೆದ ವಾರ ಕೊಪ್ಪಳದಲ್ಲಿ ನಡೆದ ಕರಕುಶಲ ವಸ್ತುಗಳ ಪ್ರದರ್ಶನದಲ್ಲಿ ನಾನು ಮಾಡಿದ ಕಿನ್ನಾಳ ಗೊಂಬೆಗಳು, ಅಂದರೆ ಕೊಪ್ಪಳದ ಹತ್ತಿರದ ನಮ್ಮೂರು ಕಿನ್ನಾಳದ ಬಣ್ಣದ ಮರದ ಗೊಂಬೆಗಳು, ಮೊದಲ ಸಲ ನನ್ನ ಹೆಸರಿನಲ್ಲಿಯೇ ಮೇಜಿನ ಮೇಲೆ ನಿಂತವು. ಗರುಡ, ಕಾಮಧೇನು, ಗೌರಿ ಮತ್ತು ಒಂದು ಜೋಡಿ ಗಿಳಿಗಳಿದ್ದವು. ಗೌರಿಯನ್ನು ಬಿಟ್ಟರೆ ಉಳಿದವೆಲ್ಲ ಕೊಂಡವರ ಮನೆ ಸೇರಿವೆ. ಮಾವನವರು ತೀರಿಕೊಂಡ ಮೇಲೆ ಬಹಳ ಕಾಲ ಕುಂಚವನ್ನೇ ಮುಟ್ಟದೆ ಇದ್ದ ನನಗೆ ಇದು ದೊಡ್ಡ ಸಂಗತಿ. ಜಾಗ ಕೊಟ್ಟವರಿಗೆ, ಗೊಂಬೆ ಸಾಗಿಸಲು ಗಾಡಿ ಕೊಟ್ಟವರಿಗೆ, ಕೊಂಡವರಿಗೆ ಅಲ್ಲಿಯೇ ಕೈಮುಗಿದು ಬಂದಿದ್ದೇನೆ. ಆದರೆ ಒಂದೊಂದು ಮಾತನ್ನಷ್ಟೇ ಕೊಟ್ಟು ಹೋದವರು ಕೆಲವರಿದ್ದಾರೆ. ತಾವು ಏನನ್ನಾದರೂ ಕೊಟ್ಟೆವೆಂಬುದು ಅವರಲ್ಲಿ ಹೆಚ್ಚಿನವರಿಗೆ ನೆನಪೂ ಇರಲಿಕ್ಕಿಲ್ಲ. ಈ ಬರಹ ಅವರಿಗಾಗಿ.

ನಮ್ಮ ಕೆಲಸವನ್ನು ಹತ್ತಿರದಿಂದ ನೋಡದವರಿಗಾಗಿ ಸ್ವಲ್ಪ ವಿವರಿಸಬೇಕು. ಕಿನ್ನಾಳದ ಗೊಂಬೆ ಒಂದೇ ಮರದ ತುಂಡಿನಿಂದ ಆಗುವಂಥದ್ದಲ್ಲ. ಹಗುರವಾದ ಪೊಳಕಿ ಮರದಲ್ಲಿ ಕೈ, ಕಾಲು, ರೆಕ್ಕೆ, ಕಿರೀಟಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತೇವೆ. ಗೋಣಿನಾರನ್ನು ನೆನೆಹಾಕಿ, ಒಣಗಿಸಿ, ಪುಡಿಮಾಡಿ, ಅದಕ್ಕೆ ಕಟ್ಟಿಗೆಯ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಬೆರೆಸಿ ನಾದಿದರೆ ಕಿಟ್ಟ ಸಿದ್ಧವಾಗುತ್ತದೆ. ಕಿಟ್ಟವನ್ನು ಮೈತುಂಬ ಬಳಿದು, ಅದರ ಮೇಲೆ ಅರಿವೆಯ ಚೂರುಗಳನ್ನು ಅಂಟಿಸಿ, ಮತ್ತೆ ಕಲ್ಲಿನ ಪುಡಿಯ ಲೇಪ ಕೊಟ್ಟು ನುಣುಪು ಮಾಡಿದ ಮೇಲೆಯೇ ಬಣ್ಣದ ಸರದಿ. ಗೊಂಬೆಯ ಒಡವೆಗಳು ಉಬ್ಬಿ ಕಾಣುವುದೂ ಆ ಕಲ್ಲುಪುಡಿಯ ಲೇಪದಿಂದಲೇ. ನಮ್ಮ ಮನೆಯಲ್ಲಿ ಅಂಟು ಕುದಿಸುವುದು, ನಾರು ಕುಟ್ಟುವುದು, ಕಿಟ್ಟ ನಾದುವುದು ಹೆಣ್ಣುಮಕ್ಕಳ ಪಾಲಿಗೆ ಬಂದಿತ್ತು. ಕುಂಚ ಗಂಡಸರ ಕೈಯಲ್ಲಿತ್ತು. ಇದನ್ನು ಯಾರೂ ಕಟ್ಟಳೆ ಮಾಡಿ ಹೇಳಿದ್ದಲ್ಲ, ಹಾಗೆಯೇ ನಡೆದುಬಂದಿತ್ತು.

ಮಾವನವರ ಕೈ ನಡುಗಲಾರಂಭಿಸಿದಾಗ, ಅರ್ಧಕ್ಕೆ ನಿಂತ ಒಂದು ಗರುಡನ ಬಣ್ಣವನ್ನು ಮುಗಿಸುವ ಕೆಲಸ ನನಗೆ ಬಂತು. ರೆಕ್ಕೆಯ ಹಸಿರು, ಅಂಚಿನ ಹಳದಿ, ಪಂಚೆಯ ಕೆಂಪು ಇವನ್ನು ಧೈರ್ಯದಿಂದ ಹಾಕಿದೆ. ಕಣ್ಣು ಉಳಿಯಿತು. ನಮ್ಮಲ್ಲಿ ಕಣ್ಣನ್ನು ಕೊನೆಗೆ ಬರೆಯುತ್ತಾರೆ, ಏಕೆಂದರೆ ಅಲ್ಲಿಯವರೆಗೆ ಅದು ಬಣ್ಣ ಹಚ್ಚಿದ ಕಟ್ಟಿಗೆ. ಎರಡು ಗುಡ್ಡೆಗಳೂ ಒಂದೇ ಕಡೆಗೆ ನೋಡಬೇಕು. ಒಂದು ಕೂದಲೆಳೆಯಷ್ಟು ಆಚೀಚೆಯಾದರೂ ದೇವರು ಹೋಗಿ ಮೆಳ್ಳಗಣ್ಣಿನವನಾಗುತ್ತಾನೆ. ನಾನು ಬರೆದು ಮುಗಿಸಿದ ಗರುಡನನ್ನು ಮಾವನವರು ಕಿಟಕಿಯ ಬೆಳಕಿಗೆ ಹಿಡಿದು, ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ, ಆಮೇಲೆ ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರು. "ಕಣ್ಣು ಕುಂತಾವ ನೋಡವ್ವಾ" ಎಂದರು. ಅಷ್ಟೇ. ಬಣ್ಣ ಚೆಂದ ಬಂದಿದೆ ಎನ್ನಲಿಲ್ಲ, ಜಾಣೆ ಎನ್ನಲಿಲ್ಲ. ಜೀವಮಾನವಿಡೀ ಕಣ್ಣು ಬರೆದ ಕೈಯವರು ಆ ಗೊಂಬೆಯ ಕಣ್ಣನ್ನು ತಮ್ಮ ಅಳತೆಗೆ ಹಚ್ಚಿ ನೋಡಿ ಹೇಳಿದ ಮಾತದು. ಆ ದಿನದಿಂದ ನಾನು ಕಿಟ್ಟ ನಾದುವ ಸೊಸೆ ಮಾತ್ರ ಆಗಿ ಉಳಿಯಲಿಲ್ಲ.

ಮುಂದೆ ಕೋವಿಡ್ ಬಂತು. ಸಂತೆ, ಜಾತ್ರೆ, ಮೇಳಗಳೆಲ್ಲ ನಿಂತವು, ಮಾಡಿಟ್ಟ ಗೊಂಬೆಗಳು ಅಟ್ಟದ ಮೇಲೆ ಕುಳಿತವು, ಆ ನಡುವೆಯೇ ಮಾವನವರೂ ಹೋದರು. ಕೆಲಸ ಬಿಟ್ಟಿದ್ದ ಆ ದಿನಗಳಲ್ಲಿ ನನಗೆ ಹೊಗಳಿಕೆಗೇನೂ ಬರವಿರಲಿಲ್ಲ ಎಂದರೆ ಓದುವವರಿಗೆ ಆಶ್ಚರ್ಯವಾದೀತು. ಒಂದೆರಡು ಸಭೆಗಳಿಗೆ ಕರೆದು ಶಾಲು ಹೊದಿಸಿದರು. "ನಶಿಸುತ್ತಿರುವ ಕಲೆಯನ್ನು ಪಾಪ ಇವರು ಉಳಿಸಿಕೊಂಡು ಬಂದಿದ್ದಾರೆ" ಎಂದು ಭಾಷಣ ಮಾಡಿದವರ ಮನಸ್ಸು ಒಳ್ಳೆಯದೇ ಇತ್ತು. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಮಾತನ್ನು ಕೇಳಿ ಮನೆಗೆ ಬಂದ ರಾತ್ರಿ ನನಗೆ ಕುಂಚ ಹಿಡಿಯಬೇಕೆನ್ನಿಸುತ್ತಿರಲಿಲ್ಲ. ಸಾಯುತ್ತಿರುವುದರ ಪಕ್ಕದಲ್ಲಿ ಕುಳಿತು ಶುಶ್ರೂಷೆ ಮಾಡುವವಳು ನಾನು ಎಂಬ ಭಾವನೆ ಬರುತ್ತಿತ್ತು. ಕಲೆಯನ್ನು ಉಳಿಸಬೇಕೆಂದು ಯಾರೂ ಗೊಂಬೆ ಮಾಡಲಾರರು. ಗಿಳಿಯ ಕೊಕ್ಕು ಹೇಗೆ ಬಾಗಬೇಕು ಎಂಬ ಕುತೂಹಲ ಇದ್ದರೆ ಮಾತ್ರ ಗೊಂಬೆಯಾಗುತ್ತದೆ. ವೇದಿಕೆಯ ಮೇಲೆ ನನ್ನ ಗಿಳಿ ಇತ್ತು. ಅದರ ಕೊಕ್ಕನ್ನು ಯಾರೂ ನೋಡಿರಲಿಲ್ಲ.

ನೋಡಿದವರು ಬಸ್ಸಿನ ಕಂಡಕ್ಟರ್. ಅಟ್ಟದ ಮೇಲಿನ ಹಳೆಯ ಸರಕಿಗೆ ಗಿರಾಕಿ ಸಿಕ್ಕಾಗಲೆಲ್ಲ ನಾನು ಬುಟ್ಟಿಯಲ್ಲಿ ಹುಲ್ಲು ಹಾಸಿ, ಗೊಂಬೆಗಳನ್ನಿಟ್ಟುಕೊಂಡು ಕಿನ್ನಾಳದಿಂದ ಕೊಪ್ಪಳಕ್ಕೆ ಹೋಗುತ್ತಿದ್ದೆ. ಒಂದು ದಿನ ಅವರು ಟಿಕೆಟ್ ಹರಿಯುತ್ತ ಬುಟ್ಟಿಯೊಳಗೆ ಬಗ್ಗಿ ನೋಡಿ, "ಅಕ್ಕಾರ, ಈ ಸಲದ ಗರುಡ ಸಿಟ್ಟಿಗೆದ್ದಾನಲ್ರೀ. ಹೋದ ಸಲದಾಂವ ಶಾಂತ ಇದ್ದ" ಎಂದರು. ನಾನು ಬೆರಗಾಗಿ ಬುಟ್ಟಿಯ ಅರಿವೆ ಸರಿಸಿ ನೋಡಿದೆ. ಅವರ ಮಾತು ನಿಜವಾಗಿತ್ತು. ಹುಬ್ಬಿನ ಗೆರೆ ಮೂಗಿನ ಕಡೆಗೆ ಸ್ವಲ್ಪ ಇಳಿದಿತ್ತು, ಕಣ್ಣಿನ ಅಂಚಿಗೆ ಕೆಂಪು ಹೆಚ್ಚಾಗಿತ್ತು. ಮಾವನವರು ಕಾಯಿಲೆ ಬಿದ್ದ ವಾರ ನಾನು ಬರೆದ ಗೊಂಬೆ ಅದು. ಎಂದೋ ಒಮ್ಮೆ ಕಂಡ ಗೊಂಬೆಯ ಮುಖವನ್ನು ನೆನಪಿಟ್ಟು, ಅದನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೂಗುವ ಕಣ್ಣು ಒಂದು ಬಸ್ಸಿನಲ್ಲಿದೆ ಎಂದಾದರೆ, ಮೂರನೆಯ ಗರುಡನನ್ನು ಮಾಡಲೇಬೇಕಾಗುತ್ತದೆ. ಮಾಡಿದೆ. ಪ್ರದರ್ಶನದಲ್ಲಿ ನಿಂತಿದ್ದು ಅದೇ ಗರುಡ. ಆ ಅಣ್ಣನವರು ಈಗ ಬೇರೆ ಮಾರ್ಗದ ಬಸ್ಸಿಗೆ ಹೋಗಿದ್ದಾರೆಂದು ಕೇಳಿದ್ದೇನೆ. ಈ ಬರಹವನ್ನು ಯಾರಾದರೂ ಅವರಿಗೆ ಓದಿ ಹೇಳಿದರೆ ನನ್ನ ಮೇಲೆ ಉಪಕಾರ ಮಾಡಿದಂತೆ.

2025ರಲ್ಲಿ ನಮ್ಮ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ತೊಂಬತ್ತು ದಾಟಿದ ಆ ತಾಯಿಯ ಸುದ್ದಿ ಹಬ್ಬಿದ ದಿನ, ನೀರು ತುಂಬುವಲ್ಲಿ ಪಕ್ಕದ ಮನೆಯ ಅತ್ತೆ ನನ್ನ ಕೊಡದ ಮೇಲೆ ಕೈಯಿಟ್ಟು, "ಆಕಿ ಗೊಂಬಿ ಕುಣಿಸ್ತಾಳ, ನೀ ಗೊಂಬಿ ಮಾಡ್ತಿ. ನಿಂದು ಮುಂದಿಂದು ಯಾವಾಗ?" ಎಂದು ಕೇಳಿದರು. ಪ್ರಶಸ್ತಿ ಅವರ ತಲೆಯಲ್ಲಿರಲಿಲ್ಲ. ಮುಂದಿನ ಗೊಂಬೆ ಯಾವುದು, ಯಾವಾಗ ಎಂಬುದಷ್ಟೇ ಅವರ ಪ್ರಶ್ನೆ. ಕೆಲಸ ನಿಂತಿದೆಯೆಂದು ಇಡೀ ಓಣಿಗೆ ಗೊತ್ತಿದ್ದರೂ, ಅದು ನಡೆಯುತ್ತಲೇ ಇದೆ ಎಂಬಂತೆ ಅವರು ಕೇಳಿದ್ದರಿಂದ ನನಗೆ ಉತ್ತರ ಕೊಡಬೇಕಾಯಿತು. ಕಾಮಧೇನು ಎಂದುಬಿಟ್ಟೆ. ಮರುದಿನದಿಂದ ಅವರು ಭೇಟಿಯಾದಾಗಲೆಲ್ಲ ಆಕಳಿನ ಕ್ಷೇಮ ವಿಚಾರಿಸತೊಡಗಿದರು. "ಕೋಡು ಬಂದುವೇನು?" "ಕರು ಯಾವ ಕಡೆ ನಿಂತೈತಿ?"

ನಮ್ಮ ಓಣಿಯ ಹಿರಿಯ ಚಿತ್ರಗಾರರೊಬ್ಬರಿಗೂ ನಾನು ಋಣಿ. ನನ್ನ ಕಾಮಧೇನುವಿನ ಹಣೆಯ ಮೇಲಿನ ಬಳ್ಳಿಯನ್ನು ನೋಡಿ, "ಗೆರಿ ಚಲೋ ಐತಿ, ಆದರ ನಡುವ ಉಸುರು ಬಿಟ್ಟೀದಿ. ಉಸುರು ಹಿಡದು ಒಂದ ಸಲಕ್ಕ ಎಳಿ" ಎಂದರು. ತಪ್ಪು ತೋರಿಸುವುದು ಕೂಡ ಪ್ರೋತ್ಸಾಹವಾಗುತ್ತದೆ ಎಂಬುದನ್ನು ನಾನು ಅಂದು ಅನುಭವಿಸಿದೆ, ಏಕೆಂದರೆ ಕಲಿಯಲಾರದವರಿಗೆ ಯಾರೂ ಉಸಿರು ಹಿಡಿಯುವುದನ್ನು ಹೇಳಿಕೊಡುವುದಿಲ್ಲ. ಹಂಪಿಯ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದ ಛಾವಣಿಯಲ್ಲಿರುವ ಚಿತ್ರಗಳನ್ನು ಬರೆದವರು ನಮ್ಮ ಹಿರೀಕರು ಎಂಬ ಮಾತು ಕಿನ್ನಾಳದಲ್ಲಿ ತಲೆತಲಾಂತರದಿಂದ ಬಂದಿದೆ. ಅಷ್ಟು ಎತ್ತರದಲ್ಲಿ ಅಂಗಾತ ಮಲಗಿ ಗೆರೆ ಎಳೆದವರಿಗೂ ಕೆಳಗೆ ನಿಂತು ಯಾರೋ ಒಬ್ಬರು ಇಂಥದ್ದೇ ಮಾತು ಹೇಳಿರಬೇಕೆಂದು ನಾನು ನಂಬುತ್ತೇನೆ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮನೆಮನೆಯಲ್ಲಿ ಜೋಳದ ರೊಟ್ಟಿ ಬಡಿದು ಕಳಿಸುತ್ತಾರೆ. ಒಂದು ಮನೆಯದು ಹತ್ತೋ ಇಪ್ಪತ್ತೋ ರೊಟ್ಟಿಯಿರಬಹುದು. ಗಾಡಿಗಳಲ್ಲಿ ಬಂದು ಕೂಡಿದಾಗ ಅವು ಲಕ್ಷಗಟ್ಟಲೆ ಜನರ ಊಟವಾಗುತ್ತವೆ. ನನಗೆ ಸಿಕ್ಕ ಮಾತುಗಳನ್ನು ನೆನೆದಾಗಲೆಲ್ಲ ಆ ರೊಟ್ಟಿಗಳೇ ನೆನಪಾಗುತ್ತವೆ. ಬಣ್ಣದಂಗಡಿಯ ಸಾಹುಕಾರರು "ಗೊಂಬಿ ಹೋದ ಮ್ಯಾಲ ಕೊಡ್ರಿ, ಮೊದಲ ಮಾಡ್ರಿ" ಎಂದದ್ದು, ಮಗಳ ಶಾಲೆಯ ಗುರುಗಳು ನನ್ನ ಗಿಳಿಗಳನ್ನು ತರಗತಿಯ ಮಕ್ಕಳಿಗೆ ತೋರಿಸುತ್ತೇನೆಂದು ಕೇಳಿ ಒಯ್ದದ್ದು, ಪ್ರದರ್ಶನದಲ್ಲಿ ಕೊಳ್ಳುವಷ್ಟು ಹಣವಿಲ್ಲದ ಹುಡುಗನೊಬ್ಬ ಗರುಡನ ರೆಕ್ಕೆಯ ಗರಿಗಳನ್ನು ಒಂದೊಂದಾಗಿ ಎಣಿಸಿ "ಎಲ್ಲಾ ಒಂದ ಅಳತಿ ಅದಾವಲ್ಲ" ಎಂದದ್ದು, ಎಲ್ಲವೂ ಆ ಗಾಡಿಯಲ್ಲಿವೆ.

ಕೊನೆಗೆ ನನ್ನ ಯಜಮಾನರು. ಮರ ಕೆತ್ತುವವರು ಅವರೇ, ಮಾತು ಬಹಳ ಕಡಿಮೆ. ನಾನು ಕೆಲಸ ಬಿಟ್ಟು ಕುಳಿತ ದಿನಗಳಲ್ಲಿ ಅವರು ಒಮ್ಮೆಯೂ "ಯಾಕೆ ಬಿಟ್ಟೆ" ಎಂದು ಕೇಳಲಿಲ್ಲ. ಮಳೆ ಹಿಡಿದ ದಿನ ಹೊರಗೆ ನೋಡಿ, "ಇವತ್ತ ಬಣ್ಣ ಒಣಗಂಗಿಲ್ಲ ಬಿಡು, ನಾಳೆ ಹಚ್ಚುವಿಯಂತ" ಎನ್ನುತ್ತಿದ್ದರು. ನನ್ನ ಪಾಲಿನ ಕೆಲಸ ಮಳೆಯಿಂದಾಗಿಯೇ ನಿಂತಿದೆ ಎಂಬ ನೆಪವನ್ನು ಅವರೇ ನನಗೆ ಕಟ್ಟಿಕೊಟ್ಟಿದ್ದರು. ಬಿಸಿಲು ಬಿದ್ದ ದಿನ ಆ ನೆಪ ನನ್ನಲ್ಲಿ ಉಳಿಯುತ್ತಿರಲಿಲ್ಲ, ಕೆತ್ತಿಟ್ಟ ತುಂಡುಗಳು ಮಾತ್ರ ಪಡಸಾಲೆಯಲ್ಲಿ ಇರುತ್ತಿದ್ದವು.

ಮಾರಾಟವಾಗದೆ ಉಳಿದ ಗೌರಿಯ ಬಗ್ಗೆ ಒಂದು ಮಾತು. ಅವಳನ್ನು ನೋಡಿದ ಹಲವರು ಮೂಗುತಿ ಹೆಚ್ಚು ದೊಡ್ಡದಾಯಿತೆಂದರು. ಅವರೆಲ್ಲರಿಗೂ ನನ್ನ ನಮಸ್ಕಾರಗಳು. ಮೂಗುತಿಯನ್ನು ತೆಗೆದು, ಹೊಸದಾಗಿ ಲೇಪ ಎತ್ತಿ ಮಾಡುತ್ತಿದ್ದೇನೆ. ಗೌರಿ ಹುಣ್ಣಿಮೆಯ ಹೊತ್ತಿಗೆ ಅವಳು ಮತ್ತೆ ಕೊಪ್ಪಳಕ್ಕೆ ಬರುತ್ತಾಳೆ.