ಗೇಟಿನ ಹೊತ್ತು ಇಬ್ಬರಿಗೂ ಒಂದೇ ಇರಲಿ

ಮಾನ್ಯ ಸಂಪಾದಕರೇ,

ಹುಡುಗಿಯರ ಹಾಸ್ಟೆಲ್ ಗೇಟು ಹಾಕುವ ಹೊತ್ತು ಹುಡುಗರದಷ್ಟೇ ಇರಲಿ ಎಂದು ಕೇಳಿ, ಕಳೆದ ವಾರ ಶಿರಸಿಯಲ್ಲಿ ನಾವು ವಿದ್ಯಾರ್ಥಿಗಳು ಮಾರಿಕಾಂಬಾ ದೇವಸ್ಥಾನದ ಎದುರಿನಿಂದ ಬಿಡ್ಕಿಬೈಲ್ ದಾಟಿ ಉಪವಿಭಾಗಾಧಿಕಾರಿ ಕಚೇರಿವರೆಗೆ ಮೆರವಣಿಗೆ ಹೋದೆವು. ‘ಹಾಸ್ಟೆಲ್ ಹುಡುಗಿಯರಿಗೆ ರಾತ್ರಿ ತಿರುಗಬೇಕಂತೆ’ ಎಂದು ಮರುದಿನ ಪೇಟೆಯಲ್ಲಿ ಆಡಿಕೊಂಡಿದ್ದು ನಮ್ಮ ಕಿವಿಗೂ ಬಿತ್ತು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕಾಲೇಜಿನ ಲೈಬ್ರರಿ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಹುಡುಗರ ಹಾಸ್ಟೆಲ್ ಗೇಟು ಹಾಕುವುದು ಒಂಬತ್ತಕ್ಕೆ. ನಮ್ಮದು ಆರೂವರೆಗೆ. ಪ್ರಾಕ್ಟಿಕಲ್ ಮುಗಿಯುವಾಗಲೇ ಐದು ದಾಟಿರುತ್ತದೆ. ರೆಫರೆನ್ಸ್ ಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ನಾವು ಪುಟ ಹುಡುಕಿ ಬರೆಯಲು ಶುರು ಮಾಡುವಷ್ಟರಲ್ಲಿ ಎದ್ದು ಓಡುವ ಹೊತ್ತಾಗಿರುತ್ತದೆ. ನನ್ನ ಪ್ರಾಜೆಕ್ಟಿನ ಅರ್ಧ ಟಿಪ್ಪಣಿ ಇರುವುದು ಸಹಪಾಠಿ ಹುಡುಗನೊಬ್ಬನ ಕೈಬರಹದಲ್ಲಿ. ಪಾಪ, ಅವನು ತನ್ನ ಓದು ಬಿಟ್ಟು ನಮ್ಮ ನಾಲ್ಕು ಜನರಿಗೆ ಬರೆದುಕೊಟ್ಟ. ಫೀಸು ಒಂದೇ, ಪರೀಕ್ಷೆ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಓದುವ ಹೊತ್ತು ಮಾತ್ರ ಯಾಕೆ ಬೇರೆ?

ಹೋದ ಮಳೆಗಾಲದ ಒಂದು ಸಂಜೆ ಮಳೆ ಹಿಡಿದುಕೊಂಡು ನಾನು ಹನ್ನೆರಡು ನಿಮಿಷ ತಡವಾಗಿ ಬಂದೆ. ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತು ಬಿತ್ತು. ಹಾಸ್ಟೆಲಿನಿಂದ ಊರಿಗೆ ಫೋನು ಹೋಯಿತು. ನಮ್ಮ ಮನೆಯಲ್ಲಿ ನೆಟ್ವರ್ಕ್ ಸಿಗುವುದಿಲ್ಲ, ಪಕ್ಕದ ಮನೆಯವರ ಲ್ಯಾಂಡ್‌ಲೈನೇ ಗತಿ. ‘ನಿಮ್ಮ ಮಗಳ ವಿಷಯ ಮಾತಾಡಬೇಕು, ಬನ್ನಿ’ ಎಂದಷ್ಟೇ ಹೇಳಿದ್ದರಂತೆ. ಅಪ್ಪ ರಾತ್ರಿಯಿಡೀ ಏನೇನು ಯೋಚಿಸಿದರೋ. ಎರಡು ವಾರ ಹಿಡಿದ ಮಳೆ ಊರಲ್ಲಿ ಆಗಷ್ಟೇ ಬಿಟ್ಟು ಹೊಳವಾಗಿ, ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುತ್ತಿದ್ದ ದಿನಗಳವು. ಕೆಲಸದವರನ್ನು ಬೇಡವೆಂದು ಕಳಿಸಿ, ಬೆಳಗಿನ ಮೊದಲ ಬಸ್ಸಿಗೆ ಬಂದರು. ಅವರ ಉಗುರಿನ ಸಂದಿಯಲ್ಲಿ ಆ ಔಷಧಿಗೆ ಬೆರೆಸುವ ಮೈಲುತುತ್ತದ ನೀಲಿ ಹಾಗೇ ಇತ್ತು. ನನ್ನನ್ನು ಕಂಡವರು ಏನೂ ಕೇಳಲಿಲ್ಲ, ಮೆಟ್ಟಿಲ ಮೇಲೆ ಕೂತುಬಿಟ್ಟರು. ಹನ್ನೆರಡು ನಿಮಿಷಕ್ಕೆ ಇಷ್ಟೆಲ್ಲ ಬೇಕಿತ್ತಾ? ಅದೇ ವಾರ ಹತ್ತು ಗಂಟೆಗೆ ಬಂದ ಹುಡುಗರ ಮನೆಗೆ ಯಾರೂ ಫೋನು ಮಾಡಲಿಲ್ಲ.

ಎಲ್ಲರೂ ಹೇಳುವುದು ಸುರಕ್ಷತೆ ಎಂದು. ಆ ಕಾಳಜಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಲೈಬ್ರರಿಯಿಂದ ಹಾಸ್ಟೆಲಿಗೆ ಎಂಟು ನಿಮಿಷದ ದಾರಿ. ನಡುವೆ ಇರುವ ಒಂದೇ ಒಂದು ಬೀದಿದೀಪ ಕೆಟ್ಟು ತಿಂಗಳುಗಳಾದವು. ಅದನ್ನು ಸರಿಮಾಡಿಸಿ ಎಂದು ಎರಡು ಸಲ ಅರ್ಜಿ ಬರೆದೆವು. ದೀಪ ಬರಲಿಲ್ಲ, ಗೇಟಿಗೆ ಹೊಸ ಬೀಗ ಬಂತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2015ರ ನಿಯಮಾವಳಿಯಲ್ಲೇ ಇದೆ: ಸುರಕ್ಷತೆಯ ಕಾರಣ ಹೇಳಿ ಹಾಸ್ಟೆಲಿನಲ್ಲಿ ಹುಡುಗರಿಗೊಂದು, ಹುಡುಗಿಯರಿಗೊಂದು ನಿಯಮ ಮಾಡಬಾರದು. 2022ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿಯರು ಇದೇ ಮಾತಿಗೆ ಕೇರಳ ಹೈಕೋರ್ಟಿನ ಬಾಗಿಲು ತಟ್ಟಿದ್ದರು. ಹೆಣ್ಣುಮಕ್ಕಳನ್ನೇ ಯಾಕೆ ಕೂಡಿಹಾಕಬೇಕು ಎಂದು ಕೋರ್ಟೂ ಕೇಳಿತ್ತು. ಅವರಿಗೆ ಕಷ್ಟವಾಗಿದ್ದು ರಾತ್ರಿ ಒಂಬತ್ತೂವರೆಯ ಗಡುವು. ನಮ್ಮದು ಆರೂವರೆ! ಹದಿನೆಂಟಕ್ಕೆ ನಮಗೆ ಮತ ಹಾಕುವ ಹಕ್ಕಿದೆ. ಇಪ್ಪತ್ತಕ್ಕೆ ಲೈಬ್ರರಿಯಲ್ಲಿ ಕೂರಲು ಅಪ್ಪನ ಸಹಿ ಬೇಕು.

‘ನಮ್ಮ ಕಡೆಯ ಹೆಣ್ಣುಮಕ್ಕಳು ಹೀಗೆ ಬೀದಿಗೆ ಬಂದವರಲ್ಲ’ ಎಂದು ಹಿರಿಯರೊಬ್ಬರು ನಮ್ಮೆದುರೇ ಹೇಳಿದರು. ಬಂದಿದ್ದಾರೆ. ಜೋಗದ ದಾರಿಯಲ್ಲಿ ಮಾವಿನಗುಂಡಿಯಲ್ಲಿ ಮಹಿಳಾ ಸತ್ಯಾಗ್ರಹಿಗಳ ಸ್ಮಾರಕವೇ ಇದೆ. ಸ್ವಾತಂತ್ರ್ಯ ಹೋರಾಟದಲ್ಲಿ ರೈತರು ಕಂದಾಯ ಕಟ್ಟುವುದಿಲ್ಲವೆಂದ ಕರನಿರಾಕರಣೆಯ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಅವರ ಜಮೀನು ಹರಾಜು ಹಾಕಿತು. ಅದನ್ನು ಕೊಂಡವರ ಮನೆಮುಂದೆ ಸಿದ್ದಾಪುರ ಕಡೆಯ ಹೆಂಗಸರು ಉಪವಾಸ ಕೂತರು. ಅವರಲ್ಲಿ ಹೆಚ್ಚಿನವರು ಶಾಲೆಯ ಮುಖ ಕಂಡವರೂ ಇರಲಿಕ್ಕಿಲ್ಲ.

ಮೆರವಣಿಗೆಯಲ್ಲಿ ಗಲಾಟೆ ಆಗಲಿಲ್ಲ. ಬಿಡದೆ ಹಿಡಿದ ಜಿರಾಪಿತಿ ಮಳೆ ಇತ್ತು. ಫಲಕದ ಅಕ್ಷರ ಅಳಿಸಬಾರದೆಂದು ಪ್ಲಾಸ್ಟಿಕ್ ಸುತ್ತಿದ್ದೆವು, ಆದರೂ ‘ಸಮಾನ’ ಅನ್ನುವುದು ಅರ್ಧ ಕರಗಿಹೋಯಿತು. ಹುಡುಗರೂ ಜಾಸ್ತಿ ಜನ ಬಂದಿದ್ದರು, ನಮಗೆ ಟಿಪ್ಪಣಿ ಬರೆದುಕೊಟ್ಟವನೂ ಇದ್ದ. ಬಿಡ್ಕಿಬೈಲಿನಲ್ಲಿ ಹೂವು ಮಾರುವ ಅಜ್ಜಿಯೊಬ್ಬರು ನನ್ನ ಕೈ ಹಿಡಿದು, ‘ಎಂತಕ್ಕೆ ತಂಗಿ ಇದೆಲ್ಲ?’ ಅಂದರು. ಹೇಳಿದೆ. ‘ಓದ್ಲಿಕ್ಕಾ? ಓದ್ಲಿಕ್ಕೆ ಬಿಡ್ತಿಲ್ವಾ?’ ಎಂದು ಎರಡು ಸಲ ಕೇಳಿದರು. ಆಮೇಲೆ ಬುಟ್ಟಿ ಪಕ್ಕದವರಿಗೆ ಒಪ್ಪಿಸಿ, ಮುಂದಿನ ತಿರುವಿನವರೆಗೆ ನಮ್ಮ ಜೊತೆ ನಡೆದರು.

ಉಪವಿಭಾಗಾಧಿಕಾರಿ ಕಚೇರಿಗೆ ಕೊಟ್ಟ ನಮ್ಮ ಮನವಿಗೆ ಸಹಿ, ಮೊಹರು ಬಿದ್ದಿದೆ. ಬರುವ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಕಾಲೇಜಿನಲ್ಲಿ ಪೋಷಕರ ಸಭೆ ಕರೆದಿದ್ದಾರೆ. ಅಪ್ಪ ಬರುತ್ತೇನೆಂದಿದ್ದಾರೆ. ಉಳಿದ ತಂದೆ-ತಾಯಿಯರೂ ದಯವಿಟ್ಟು ಬನ್ನಿ. ಒಂದು ಬಸ್ಸು ಮೊದಲೇ ಬಂದರೆ ಲೈಬ್ರರಿಯಿಂದ ಹಾಸ್ಟೆಲಿನವರೆಗೆ ನಿಮ್ಮನ್ನು ನಾವೇ ಕರೆದುಕೊಂಡು ಹೋಗುತ್ತೇವೆ, ಆ ದೀಪದ ಕಂಬವನ್ನೂ ತೋರಿಸುತ್ತೇವೆ.

– ಅಂತಿಮ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿನಿ, ಶಿರಸಿ