ಅಮ್ಮನ ‘ಆವು’ ಒಪ್ಪಿಗೆಯಲ್ಲ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ಉಡುಪಿ ಜಿಲ್ಲೆಯ ಶಂಕರಪುರದ ನಮ್ಮ ಮನೆಯಲ್ಲಿ ಅಮ್ಮ ಈಗಲೂ ಬೆಳಿಗ್ಗೆ ಮಲ್ಲಿಗೆ ಕಟ್ಟುತ್ತಾರೆ. ಬಾಳೆನಾರು ಕೈಗೆ ಕೊಟ್ಟರೆ ಸಾಕು, ಬೆರಳು ತಾನಾಗಿ ಓಡುತ್ತದೆ. ನನ್ನ ಹೆಸರು ಮರೆತು ಎರಡು ವರ್ಷವಾಯಿತು. ಶಾಲೆಯಲ್ಲಿ ಕಲಿತ ಕನ್ನಡವೂ ಹೋಯಿತು. ಉಳಿದಿರುವುದು ತುಳು. ಅದರಲ್ಲೂ ಏನು ಕೇಳಿದರೂ ‘ಆವು’, ಅಂದರೆ ಆಯಿತು. ಊಟ ಮಾಡ್ತೀರಾ ಅಂದರೂ ಆವು, ಮನೆ ಬಿಟ್ಟು ಹೋಗುವಾ ಅಂದರೂ ಆವು.

ಕಳೆದ ವರ್ಷ ಒಂದು ಕಡೆ, ಮರೆವಿಗೆ ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಚುಚ್ಚುಮದ್ದು ಬಂದಿದೆ, ಲಕ್ಷಗಟ್ಟಲೆ ಆಗುತ್ತದೆ ಎಂದರು. ಇಂಗ್ಲಿಷ್ ಕಾಗದ ಮುಂದಿಟ್ಟು ಅಮ್ಮನನ್ನು ಕೇಳಿದರು. ಅಮ್ಮ ‘ಆವು’ ಅಂದರು. ಅಷ್ಟಕ್ಕೇ ಹೆಬ್ಬೆಟ್ಟು ಒತ್ತಿಸಲು ಶಾಯಿ ತೆಗೆದರು. ನಾನು ಅಮ್ಮನ ಕೈ ಹಿಡಿದು ಎದ್ದು ಬಂದೆ. ಆಮೇಲೆ ಗೊತ್ತಾಯಿತು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಅನುಮತಿ ಪಡೆದ ಪ್ರಯೋಗ (ಕ್ಲಿನಿಕಲ್ ಟ್ರಯಲ್) ಬಿಟ್ಟು ಬೇರೆಲ್ಲೂ ಮರೆವಿನ ಕಾಯಿಲೆಗೆ ಅದನ್ನು ಕೊಡುವಂತಿಲ್ಲ. ಪ್ರಯೋಗವೇ ಆದರೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ.

ಪ್ರಯೋಗವೇ ಬೇಡ ಅಂತ ನಾನು ಹೇಳುತ್ತಿಲ್ಲ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕ ಲೆಕಾನೆಮ್ಯಾಬ್ ಎಂಬ ಮರೆವಿನ ಕಾಯಿಲೆಯ ಔಷಧಿ ಪ್ರಯೋಗದಿಂದಲೇ ಬಂತು. ಅದು ಹೋದ ನೆನಪನ್ನು ತರುವುದಿಲ್ಲ, ಆರಂಭದಲ್ಲಿರುವ ಕಾಯಿಲೆಯನ್ನು ಸ್ವಲ್ಪ ನಿಧಾನ ಮಾಡುತ್ತದೆ. ಕೆಲವರಿಗೆ ಮಿದುಳಿನಲ್ಲಿ ಬಾವು, ರಕ್ತಸ್ರಾವವೂ ಆಗುತ್ತದೆ. ಅಪಾಯ ಇದೆ ಅಂತ ಗೊತ್ತಿದ್ದೇ ಜನ ಆ ಪ್ರಯೋಗಕ್ಕೆ ಮುಂದೆ ಬಂದರು. ಗೊತ್ತಿರುವುದೇ ಮುಖ್ಯ, ಅಲ್ವಾ?

ರೋಗಿಗೆ ಆಗದಿದ್ದರೆ ಮನೆಯವರು ಒಪ್ಪಿಗೆ ಕೊಡಬಹುದು ಎನ್ನುತ್ತದೆ 2019ರ ಕ್ಲಿನಿಕಲ್ ಟ್ರಯಲ್ ನಿಯಮ. ನನಗೆ ಹೆದರಿಕೆ ಇರುವುದೇ ಅಲ್ಲಿ. ಅಮ್ಮ ಮೊದಲಿನ ಹಾಗಾಗಲಿ ಎಂಬ ಆಸೆ ನನ್ನದು, ಸೂಜಿ ಚುಚ್ಚುವುದು ಅವರಿಗೆ.

ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲೂ ಉಡುಪಿ ಜಿಲ್ಲಾಸ್ಪತ್ರೆಯಲ್ಲೂ ಒಬ್ಬೊಬ್ಬರನ್ನು ನೇಮಿಸಿ. ಪ್ರಯೋಗ ಮಾಡುವವರ ಜೊತೆ ಅವರಿಗೆ ಯಾವ ನಂಟೂ ಇರಬಾರದು. ತುಳು, ಕೊಂಕಣಿ, ಬ್ಯಾರಿ ಬರಬೇಕು. ಕಾಗದ ಹಿಡಿದು ಹೋದರೆ ಇದು ನೋಂದಣಿಯಾದ ಪ್ರಯೋಗವೋ ಅಲ್ಲವೋ ಹೇಳಬೇಕು. ರೋಗಿಯ ಪಕ್ಕ ಕೂತು ಅವರ ಮಾತಿನಲ್ಲೇ ವಿವರಿಸಬೇಕು, ಇನ್ನೊಂದು ದಿನ ಬಂದು ಮತ್ತೆ ಕೇಳಬೇಕು.

ಮೊನ್ನೆ ರಕ್ತ ತೆಗೆಯಲು ಬಂದಾಗ ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡು ‘ಬೊಡ್ಚಿ’ ಅಂದರು. ಬೇಡ ಅಂತ. ಎಷ್ಟೋ ತಿಂಗಳ ಮೇಲೆ ಅವರ ಬಾಯಲ್ಲಿ ‘ಆವು’ ಅಲ್ಲದ ಮಾತು ಕೇಳಿದೆ. ಮನೆಯವರು ಸಹಿ ಹಾಕಿದ್ದರೂ ಈ ಒಂದು ‘ಬೊಡ್ಚಿ’ಗೆ ಪ್ರಯೋಗ ನಿಲ್ಲಬೇಕು ಎಂದು ನಿಮ್ಮ ಇಲಾಖೆ ಆದೇಶ ಹೊರಡಿಸಲಿ.

ಇತಿ,
ಶಂಕರಪುರದ ಒಬ್ಬ ಮಗಳು