ನಾಯಿ ಇದ್ಯಾ? ಹಾಗಾದ್ರೆ ಮನೆ ಇಲ್ಲ

ಸಂಪಾದಕರೇ,

ಬೀದಿನಾಯಿಗಳ ಬಗ್ಗೆ ಪತ್ರಿಕೆಗಳಲ್ಲಿ ಯಾರು ಪತ್ರ ಬರೆದರೂ ‘ಅಷ್ಟು ಪ್ರೀತಿ ಇದ್ದರೆ ಮನೆಗೆ ಕರ್ಕೊಂಡು ಹೋಗಿ’ ಅನ್ನುವ ಮಾತು ಇದ್ದೇ ಇರುತ್ತದೆ. ಕರ್ಕೊಂಡು ಹೋದೆ ಸ್ವಾಮಿ. ಆಮೇಲೇನಾಯ್ತು ಕೇಳಿ.

ಆಟೊ ಗುದ್ದಿ ಒಂದು ಹಿಂಗಾಲು ಕಳೆದುಕೊಂಡ ಹೆಣ್ಣು ನಾಯಿ, ಜೊತೆಗೆ ಅದರ ಮರಿ. ಮರಿಗೆ ಪಾರ್ವೊ ಅನ್ನುವ ವೈರಸ್ ಕಾಯಿಲೆ ಬಂದು ಒಂದು ವಾರ ಡ್ರಿಪ್ ಹಾಕಿಸಿದೆ. ಎರಡಕ್ಕೂ ಸಂತಾನಹರಣದ ಆಪರೇಷನ್, ರೇಬೀಸ್ ಲಸಿಕೆ ಎಲ್ಲ ಆಯ್ತು. ದುಡ್ಡು ಹೋಯ್ತು, ನಿದ್ದೆ ಹೋಯ್ತು, ಆದರೂ ಅದೇನು ದೊಡ್ಡ ಕಷ್ಟ ಅನ್ನಿಸಲಿಲ್ಲ. ಕಷ್ಟ ಶುರುವಾಗಿದ್ದು ಬಾಡಿಗೆ ಮನೆ ಬಿಡಬೇಕಾಗಿ ಬಂದಾಗ. ನನ್ನ ಮೂರು ಕಾಲಿನ ನಾಯಿಗೆ ಮೆಟ್ಟಿಲು ಹತ್ತಲು ಆಗಲ್ಲ, ಗ್ರೌಂಡ್ ಫ್ಲೋರೇ ಬೇಕು. ಹನ್ನೊಂದು ಮನೆ ನೋಡಿದೆ. ನಾಯಿ ಅಂದ ತಕ್ಷಣ ಮುಖ ಬದಲಾಗುತ್ತಿತ್ತು. ಒಬ್ಬರಂತೂ ‘ಲ್ಯಾಬ್ರಡಾರ್ ಆದ್ರೆ ಪರವಾಗಿಲ್ಲ, ಬೀದಿದು ಬೇಡ’ ಅಂದರು. ಕೂದಲು ಜಾಸ್ತಿ ಉದುರೋದು ಲ್ಯಾಬ್ರಡಾರ್‌ದೇ ಅಲ್ವಾ!

ಅಪಾರ್ಟ್‌ಮೆಂಟ್ ಸಂಘದವರು ಸಾಕುನಾಯಿ ನಿಷೇಧಿಸುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೆ ನಾಯಿ ಇದೆ ಅಂತ ಮನೆ ಬಾಡಿಗೆಗೆ ಕೊಡದೆ ಇರೋಕೆ ಮಾಲೀಕರಿಗೆ ಯಾರ ಅಪ್ಪಣೆಯೂ ಬೇಡವಲ್ಲ.

ಬೆಂಗಳೂರಿನಲ್ಲಿ 2023ರ ಗಣತಿಯ ಪ್ರಕಾರ 2.79 ಲಕ್ಷ ಬೀದಿನಾಯಿಗಳಿದ್ದವು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಹಾಕಿ, ವಾಪಸ್ ಬಿಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲಿವೆ ಶೆಲ್ಟರ್? ನಾನು ಫೋನ್ ಮಾಡಿದ ಕಡೆಯೆಲ್ಲ ‘ಫುಲ್ ಆಗಿದೆ’ ಅನ್ನೋದೇ ಉತ್ತರ. ಸಾಕುತ್ತೇನೆ ಅನ್ನುವವರಿಗೆ ಒಂದು ಕೋಣೆ ಸಿಕ್ಕಿದ್ದರೆ ಅಷ್ಟು ನಾಯಿಗಳ ಹೊರೆಯಾದರೂ ಶೆಲ್ಟರ್‌ಗೆ ತಪ್ಪುತ್ತಿತ್ತು. ಬೇಕಾದರೆ ಒಂದು ತಿಂಗಳ ಅಡ್ವಾನ್ಸ್ ಜಾಸ್ತಿ ತಗೊಳ್ಳಿ, ಲಸಿಕೆ ಕಾರ್ಡ್ ಕೇಳಿ, ಬಾಗಿಲು ಕೆರೆದರೆ ರಿಪೇರಿ ಖರ್ಚು ಬಾಡಿಗೆದಾರನದ್ದೇ ಅಂತ ಕರಾರಿನಲ್ಲೇ ಬರೆಸಿಕೊಳ್ಳಿ. ಪಾಲಿಕೆಯವರೂ ವಾರ್ಡಿಗೆ ನಾಲ್ಕು ಗೂಡು ಕಟ್ಟಿ, ಮನೆ ಬದಲಿಸುವವರ ನಾಯಿ ಒಂದು ತಿಂಗಳು ಇರೋಕೆ ಜಾಗ ಕೊಡಲಿ. ಬಾಡಿಗೆ ಕಟ್ಟೋಕೆ ನಾವು ತಯಾರು.

ಈಗ ಮರಿ ನನ್ನ ಜೊತೆಗಿದೆ, ‘ಒಂದೇ ನಾಯಿ, ಅದೂ ಬೊಗಳಬಾರದು’ ಅನ್ನುವ ಷರತ್ತಿನ ಮೇಲೆ. ತಾಯಿ ಹೊಸಕೋಟೆ ಕಡೆ ಗೆಳೆಯನ ತೋಟದಲ್ಲಿದೆ. ಭಾನುವಾರ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುತ್ತೇನೆ. ಗ್ರೌಂಡ್ ಫ್ಲೋರ್ ಮನೆ ಖಾಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ತಿಂಗಳ ಐದನೇ ತಾರೀಕಿನೊಳಗೆ ಬಾಡಿಗೆ ಕೊಡುತ್ತೇನೆ.

– ಒಬ್ಬ ಬಾಡಿಗೆದಾರ, ಬೆಂಗಳೂರು